ರಕ್ತಕ್ಕೆ ತಣ್ಣೀರು

ಮೊದಲು ಇದನ್ನು ಕಲಿ ಹುಡುಗಿ:
ರಕ್ತಕ್ಕೆ ತಣ್ಣೀರು. ಬಿಸಿನೀರು ಬಿತ್ತೋ
ಕಲೆ ನೂಲಿನೊಳಗೆ ಮನೆ ಮಾಡಿಕೊಂಡುಬಿಡುತ್ತದೆ.
ಹುಲ್ಲಿನ ಹಸಿರಿಗೆ ವಿನೆಗರ್
(ನಮ್ಮದಿನ್ನೂ ನಿಜವಾದ ಹುಲ್ಲು, ಪ್ಲಾಸ್ಟಿಕ್ಕಿಗೆ ದುಡ್ಡಿಲ್ಲ).
ಅಂಟುಪಟ್ಟಿಯ ಗೋಂದಿಗೆ ಔಷಧವಿಲ್ಲ,
ಉಗುರೇ ಗತಿ.

ಇಪ್ಪತ್ತಾರು ವರ್ಷವಾಯಿತು ಈ ನೆಲಮಾಳಿಗೆಯಲ್ಲಿ.
ಕೋಚುಗಳು ಐದು ಮಂದಿ ಬಂದರು, ಹೋದರು.
ಈ ಯಂತ್ರ ಮಾತ್ರ ಅದೇ,
ತಿರುಗುವಾಗ ಕೆಮ್ಮುತ್ತದೆ. ನಾನೂ.

ಅಂಗಿ ಒಗೆಯುವವಳಿಗೆ ಆಟ ತಿಳಿಯದೆಂದು ಯಾರು ಹೇಳಿದರು?
ಅಂಗಿ ಹೇಳುತ್ತದೆ.
ಐವತ್ತೆಂಟರ ಎದೆಗೆ ಎದುರಾಳಿ ಹೆಲ್ಮೆಟ್ಟಿನ ಹಳದಿ ಮೆತ್ತಿದ್ದರೆ
ಓರೆಸ್ಟ್ ಜಾಗ ಬಿಟ್ಟಿಲ್ಲ ಎಂದರ್ಥ.
ಹನ್ನೊಂದು, ನಾನು ಮಡಿಸಿದ ಗೆರೆಯೊಂದಿಗೇ ವಾಪಸು ಬಂದರೆ
ಆ ಮಗು ಇಡೀ ಸಂಜೆ ಬೆಂಚಿನ ಮೇಲೆ ಕೂತಿತ್ತು.
ಅದನ್ನೂ ಒಗೆಯುತ್ತೇನೆ.
ಒಗೆಯದೆ ಕೊಟ್ಟರೆ
ಅವನಿಗೆ ಗೊತ್ತಾಗುತ್ತದೆ.

ಓರೆಸ್ಟ್ ವಕಲುಕ್, ಕ್ಯಾನೋರಾ ಕಡೆಯ ಗೋಧಿ ಹೊಲದವನು.
ಅವನ ಕೆಲಸವೆಂದರೆ ಬಗ್ಗಿ ನಿಂತು
ಎರಡು ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆಸೆಯುವುದು.
ನಾಲ್ಕು ವರ್ಷ ಆಟವನ್ನು ತಲೆಕೆಳಗಾಗಿಯೇ ಕಂಡ,
ಮೇಲೆ ಹಿಮ, ಕೆಳಗೆ ಆಕಾಶ,
ಚೆಂಡಿಗಾಗಿ ತೂಗುಬಿದ್ದಂತೆ ಒದೆಯುವವನ ಎರಡು ಕೈ.
ಎಸೆತ ತಪ್ಪಿದಾಗ ಮಾತ್ರ ಜನಕ್ಕೆ ಅಂಥವರ ಹೆಸರು ಬೇಕಾಗುತ್ತದೆ.
ಅವನದು ಒಮ್ಮೆಯೂ ಬೇಕಾಗಲಿಲ್ಲ.
ಈಗ ಯಾರ್ಕ್‌ಟನ್ನಿನಲ್ಲಿ ದನದ ಡಾಕ್ಟರು,
ಹಿಂಗಾಲು ಮುಂದಾಗಿ ಬರುವ ಕರುಗಳನ್ನು
ಅವನಂತೆ ಎಳೆಯುವವರಿಲ್ಲವಂತೆ.

ಗಡಿಯಾಚೆಯವರಿಗೆ ಹತ್ತು ಗಜಕ್ಕೆ ನಾಲ್ಕು ಅವಕಾಶ,
ನಮಗೆ ಮೂರು.
ಮೂರರಲ್ಲೂ ಒಂದು, ಒದ್ದು ಬಿಟ್ಟುಕೊಡುವುದಕ್ಕೆ.
ಲೆಕ್ಕ ಹಾಕಿದರೆ ಎರಡೇ.
ನನ್ನ ಗಂಡ ಇದನ್ನು ಮದುವೆಗೆ ಮೊದಲು ಹೇಳಿದ್ದರೆ…
ಇರಲಿ. ಆ ಸಾಬೂನು ಇತ್ತ ತಾ.

ಇಪ್ಪತ್ತೇಳರದು ಬೇರೆ ಕತೆ.
ಲುಸ್ಯೆನ್ ದುರೋಶೆ, ಬಡಗಣ ಕೆರೆಗಳ ಕಡೆಯ ಮೆಟಿ ಹುಡುಗ,
ಓಡಿದರೆ ಹಿಮದ ಮೇಲೆ ಹೆಜ್ಜೆಯೇ ಮೂಡದು.
ನವೆಂಬರು. ಹದಿನೇಳು–ಹದಿನೇಳು. ನಾಲ್ಕು ಸೆಕೆಂಡು ಬಾಕಿ.
ಅವರ ಒದೆತ ಕಂಬದ ಹೊರಗೆ ಹೋಯಿತು,
ನಮ್ಮವರು ಕೇಕೆ ಹಾಕಿಯೂ ಆಗಿತ್ತು.
ಆದರೆ ಚೆಂಡು ನಮ್ಮ ಗೆರೆಯ ಹಿಂದೆ, ಇವನ ಕೈಯಲ್ಲಿ.
ಹೊರಗೆ ಒಯ್ಯಬೇಕು, ಇಲ್ಲ ಹೊರಗೆ ಒದೆಯಬೇಕು,
ಅಲ್ಲೇ ಸಿಕ್ಕಿಬಿದ್ದರೆ ಅವರಿಗೊಂದು ಅಂಕ.
ಮೂರು ಹೆಜ್ಜೆ ಓಡಿದ.
ನಾಲ್ಕನೆಯದರ ಕೆಳಗೆ ಮಂಜುಗಡ್ಡೆ ಕಾದಿತ್ತು.
ಏಳುವಷ್ಟರಲ್ಲಿ ಮೈಮೇಲೆ ಮೂವರು.

ಆ ಒಂಟಿ ಅಂಕವನ್ನು ರೂಜ್ ಅನ್ನುತ್ತಾರೆ.
ಫ್ರೆಂಚಿನಲ್ಲಿ ಕೆಂಪು. ಯಾಕೆ ಕೆಂಪೋ,
ನಾನು ಕೇಳಿದ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ರಾತ್ರಿ ಹನ್ನೊಂದಕ್ಕೆ ಮೆಟ್ಟಿಲಿಳಿದು ಬಂದ,
ಅಂಗಿ ಇನ್ನೂ ಮೈಮೇಲೇ.
ನಾನೇ ಒಗೀತೀನಿ, ಅಂದ.
ತನ್ನದೊಂದೇ ಅಂದುಕೊಂಡೆ.
ಅವನು ರಾಶಿಗೇ ಕೈ ಹಾಕಿದ,
ಯಂತ್ರ ಮುಟ್ಟದೆ, ಆ ತೊಟ್ಟಿಯಲ್ಲಿ, ಇದೇ ತಣ್ಣೀರಲ್ಲಿ,
ಅರವತ್ತಮೂರು ಅಂಗಿ,
ಬೆರಳು ಕೆಂಪಾಗಿ, ಕೆಂಪು ತಿರುಗಿ ನೀಲಿಯಾಗುವ ತನಕ.
ನಾನು ಮೂಲೆಯಲ್ಲಿ ಕೂತು ಬ್ರೆಡ್ಡು ತಿಂದೆ.
ಸಮಾಧಾನ ಹೇಳಲಿಲ್ಲ. ನನಗೆ ಬರುವುದೂ ಇಲ್ಲ.

ನಲವತ್ತನೆಯದೋ ಏನೋ, ಹಿಂಡುತ್ತ ಕೇಳಿದ:
ಇದು ಹೋಗುತ್ತಾ, ಮಾರ್ಲಿಸ್?
ಹೋಗುತ್ತೆ, ಅಂದೆ.
ಹುಲ್ಲಿನ ಕಲೆಯನ್ನೇ ನೋಡುತ್ತ ಅಂದೆ.

ಬೆಳಗ್ಗೆ ಆರಕ್ಕೆ ಬಸ್ಸು ಹೊರಡುತ್ತದೆ, ಬೇಗ ಬೇಗ.
ಆ ಹನ್ನೊಂದನ್ನು ಕೊಡು.
ಗೊತ್ತು, ಕೊಳೆಯಿಲ್ಲ.
ಹಾಕು.